ಅಸಲು ಮುಟ್ಟುವ ಹೊತ್ತು



ಮಂಗಳೂರಿನ ಬಿಜೈಯ ಈ ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನಾನು ಮೊದಲು ವಿಚಾರಿಸಿದ್ದು ವಿಷಯವನ್ನಲ್ಲ, ದತ್ತಿಯ ಅಸಲು ಎಷ್ಟೆಂದು. ಮೂವತ್ತೈದು ವರ್ಷ ಊರವರ ಆದಾಯ ತೆರಿಗೆ ರಿಟರ್ನ್ ತುಂಬಿಕೊಟ್ಟವನ ಚಟ, ಕ್ಷಮಿಸಬೇಕು. ಕಾರ್ಯದರ್ಶಿಗಳು ಮೊತ್ತ ಹೇಳಿದರು, ಜತೆಗೆ ಒಂದು ಸಂಗತಿಯನ್ನೂ ಹೇಳಿದರು. ದತ್ತಿ ಇಟ್ಟ ಟೀಚರು ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಪಿಎಫ್ ಹಣ ಕೈಗೆ ಬಂದ ವಾರದಲ್ಲೇ ಅದರ ಒಂದು ಪಾಲನ್ನು ಇಲ್ಲಿ ಕೊಟ್ಟುಹೋದರಂತೆ. ಷರತ್ತು ಒಂದೇ: ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಮಾತ್ರ ಕಾರ್ಯಕ್ರಮ ನಡೆಯಬೇಕು. ಈಗ ಹೊರಗೆ ನೀವು ತಿಂದು ಬಂದ ಗೋಳಿಬಜೆ ಬಡ್ಡಿಯದ್ದು.

ಆ ಷರತ್ತು ಕೇಳಿದಾಗಲೇ ನನಗೆ ವಿಷಯ ಸಿಕ್ಕಿತು. ದತ್ತಿ ಎಂದರೆ ಎಂದೂ ಅಸಲು ಮುಟ್ಟದ ಹಣ. ನಿವೃತ್ತಿಯ ಖಾತೆ ಎಂದರೆ ಒಂದಲ್ಲ ಒಂದು ದಿನ ಅಸಲಿಗೇ ಕೈ ಹಾಕಬೇಕಾದ ಹಣ. ನಮ್ಮ ಜಿಲ್ಲೆಯವರಿಗೆ ಮೊದಲನೆಯ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ನಿಧಿಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಶುರುಮಾಡಿದ ಮೇಲಂತೂ ದಿನಕ್ಕೆ ಎರಡಾಣೆ ಉಳಿಸುವವನ ಮನೆ ಬಾಗಿಲಿಗೇ ಬ್ಯಾಂಕು ನಡೆದುಬಂತು. ಹಾಕುವುದು ಹೇಗೆಂದು ನಮ್ಮ ಮಕ್ಕಳಿಗೂ ಗೊತ್ತು. ತೆಗೆಯುವುದು ಹೇಗೆ, ಯಾವಾಗ, ಎಷ್ಟು, ಅದಕ್ಕೆ ತೆರಿಗೆ ಎಷ್ಟು ಎಂಬುದನ್ನು ಮಾತ್ರ ಯಾವ ಪಿಗ್ಮಿ ಏಜೆಂಟರೂ ಹೇಳಿಕೊಡಲಿಲ್ಲ. ಠೇವಣಿ ತೆಗೆಯುವುದೆಂದರೆ ಮನೆಯಲ್ಲಿ ಏನೋ ಕೆಟ್ಟದ್ದು ಆಗಿದೆ ಎಂದೇ ನಮ್ಮ ಹಿರಿಯರು ತಿಳಿಯುತ್ತಿದ್ದರು.

ಮುಂದೆ ಹೋಗುವ ಮೊದಲು ಒಂದು ಸೂಚನೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯಿದೆಯ ಜಾಗದಲ್ಲಿ 2025ರ ಹೊಸ ಕಾಯಿದೆ ಕೂತಿದೆ. ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ, ನಾನು ಹೇಳಲಿರುವ ತತ್ವಗಳು ಹಾಗೇ ಇವೆ. ನಾನು ಹಳೆಯ ಸಂಖ್ಯೆಗಳನ್ನೇ ಹೇಳುತ್ತೇನೆ. ಸಿಟಿ ಬಸ್ಸಿನ ನಂಬರ್ ಬದಲಾದರೂ ನಾವು ಹಳೆಯ ನಂಬರಿನಿಂದಲೇ ಕರೆಯುತ್ತೇವಲ್ಲ, ಹಾಗೆ.

ಮೊದಲು ಬೀಡಿಯಿಂದ ಶುರುಮಾಡುತ್ತೇನೆ. ಬಿಜೈಯ ಈ ಅಪಾರ್ಟ್‌ಮೆಂಟುಗಳ ನಡುವೆ ನಿಂತು ಬೀಡಿಯ ಮಾತೇಕೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಈ ಜಿಲ್ಲೆಯ ಹೆಂಗಸರಲ್ಲಿ ಬಹಳ ಮಂದಿಗೆ ತಮ್ಮ ಹೆಸರಿನಲ್ಲೇ ಇದ್ದ ಮೊದಲ ನಿವೃತ್ತಿ ಖಾತೆ ಬೀಡಿಯ ಪಿಎಫ್. 1952ರ ಪಿಎಫ್ ಕಾಯಿದೆ ಆರಂಭದಲ್ಲಿ ಸಿಮೆಂಟು, ಸಿಗರೇಟು, ಕಬ್ಬಿಣ, ಕಾಗದ, ಜವಳಿ ಮುಂತಾದ ಆರು ಉದ್ಯಮಗಳಿಗಷ್ಟೇ ಇತ್ತು. ಸಿಗರೇಟು ಕಟ್ಟುವವನಿಗೆ 1952ರಲ್ಲೇ ಸಿಕ್ಕಿದ್ದು ಬೀಡಿ ಕಟ್ಟುವವಳಿಗೆ ಸಿಕ್ಕಿದ್ದು 1977ರಲ್ಲಿ. ಆಮೇಲೂ ಮಾಲಕರು ಬಿಡಲಿಲ್ಲ: ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವವಳು ನೌಕರಳೇ ಅಲ್ಲ ಎಂದು ವಾದಿಸಿದರು. 1985ರಲ್ಲಿ ಸುಪ್ರೀಂ ಕೋರ್ಟು ಆಕೆಯೂ ನೌಕರಳೇ ಎಂದಿತು. ಇವತ್ತಿಗೂ ಬೀಡಿಯ ಪಿಎಫ್ ವಂತಿಗೆ ಶೇ. 12 ಅಲ್ಲ, ಶೇ. 10.

ಈ ಹಣವನ್ನು ತೆಗೆಯುವಾಗ ತೆರಿಗೆ ಹೇಗೆ? ನಿಯಮ ಕೇಳಲು ಸುಲಭ. ಐದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಪಿಎಫ್‌ನಿಂದ ಬಂದದ್ದಕ್ಕೆ ತೆರಿಗೆ ಇಲ್ಲ. ಐದು ವರ್ಷದೊಳಗೆ ತೆಗೆದರೆ ಮಾಲಕರ ಪಾಲು ಮತ್ತು ಅದರ ಬಡ್ಡಿ ಸಂಬಳದಂತೆ ತೆರಿಗೆಗೆ ಬರುತ್ತದೆ, ನಮ್ಮ ಪಾಲಿನ ಬಡ್ಡಿ ಇತರ ಆದಾಯದ ಲೆಕ್ಕಕ್ಕೆ ಹೋಗುತ್ತದೆ, ಹಿಂದೆ 80ಸಿಯಲ್ಲಿ ವಿನಾಯಿತಿ ಪಡೆದಿದ್ದರೆ ಅದೂ ಹಿಂದಕ್ಕೆ ಬರುತ್ತದೆ. ಕಾಯಿಲೆ ಬಿದ್ದು ಕೆಲಸ ಬಿಟ್ಟರೆ, ಮಾಲಕರೇ ವ್ಯವಹಾರ ಮುಚ್ಚಿದರೆ, ಕೈಮೀರಿದ ಕಾರಣಕ್ಕೆ ಕೆಲಸ ಹೋದರೆ ಐದು ವರ್ಷದ ಷರತ್ತು ಇಲ್ಲ. ಹಳೆಯ ಖಾತೆಯನ್ನು ಹೊಸ ಮಾಲಕರಲ್ಲಿಗೆ ವರ್ಗ ಮಾಡಿಸಿದ್ದರೆ ಹಿಂದಿನ ವರ್ಷಗಳೂ ಸೇರುತ್ತವೆ. ಈ ಕೊನೆಯ ವಾಕ್ಯದಲ್ಲೇ ಎಷ್ಟೋ ಮನೆಗಳ ಹಣ ಸಿಕ್ಕಿಬಿದ್ದಿದೆ.

ಒಬ್ಬಾಕೆ ನನ್ನ ಆಫೀಸಿಗೆ ಬಂದರು. ಮದುವೆಗೆ ಮೊದಲು ಒಂದು ಬ್ರಾಂಚಿಗೆ ಬೀಡಿ ಕಟ್ಟಿದವರು, ಮದುವೆಯಾದ ಮೇಲೆ ಗಂಡನ ಮನೆಯ ಹತ್ತಿರದ ಇನ್ನೊಂದು ಬ್ರಾಂಚಿಗೆ. ಕಂಪೆನಿ ಬೇರೆ, ಪಿಎಫ್ ನಂಬರ್ ಬೇರೆ. ಎರಡನೆಯ ಖಾತೆಯಿಂದ ನಾಲ್ಕನೆಯ ವರ್ಷ ಅರುವತ್ತು ಸಾವಿರ ತೆಗೆದರು. ಮೊತ್ತ 50,000 ಮುಟ್ಟಿದ್ದರಿಂದ ಸೆಕ್ಷನ್ 192ಎ ಪ್ರಕಾರ ಶೇ. 10, ಅಂದರೆ 6,000 ರೂಪಾಯಿ, ಮೂಲದಲ್ಲೇ ಕಡಿತ. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತಿತ್ತು, 2023ರ ಏಪ್ರಿಲ್‌ಗೆ ಮೊದಲಾದರೆ ಶೇ. 34 ಮೀರುತ್ತಿತ್ತು. "ಎಂತ ಸರ್, ನನ್ನ ದುಡ್ಡು ನನಗೆ ಕೊಡ್ಲಿಕ್ಕೆ ಅವರಿಗೆ ಕಮಿಷನ್ ಯಾಕೆ?" ಎಂದು ಕೇಳಿದರು. ಕಮಿಷನ್ ಅಲ್ಲಮ್ಮ, ತೆರಿಗೆ, ಎಂದೆ. "ನನಗೆ ತೆರಿಗೆ ಬೀಳುವಷ್ಟು ಸಂಪಾದನೆ ಉಂಟಾ?" ಎಂದರು. ಇರಲಿಲ್ಲ. ಹಣ ತೆಗೆಯುವ ಮೊದಲು 15ಜಿ ಎಂಬ ಒಂದು ಕಾಗದ ಕೊಟ್ಟಿದ್ದರೆ ಆ ಆರು ಸಾವಿರ ಕಡಿತವಾಗುತ್ತಲೇ ಇರಲಿಲ್ಲ. ಅದಕ್ಕಿಂತ ಮೊದಲು ಎರಡು ಖಾತೆಗಳನ್ನು ಒಂದು ಮಾಡಿಸಿದ್ದರೆ ಐದು ವರ್ಷ ಎಂದೋ ದಾಟಿರುತ್ತಿತ್ತು. ರಿಟರ್ನ್ ಹಾಕಿ ಹಣ ವಾಪಸು ತರಿಸಿದೆವು. ನನ್ನ ಫೀಸು ತೆಗೆದುಕೊಂಡೆನೋ ಇಲ್ಲವೋ ನೆನಪಿಲ್ಲ. ತೆಗೆದುಕೊಂಡಿದ್ದರೆ ಅದೂ ಒಂದು ಕಡಿತವೇ.

ಬಡವರ ಕೈಗೆ ಬರುವ ಹಣದಲ್ಲಿ ಕಾನೂನು ಏನಾದರೂ ಹಿಡಿದಿಟ್ಟುಕೊಳ್ಳಲು ಹೊರಟಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ 2016ರಲ್ಲಿ ಕಂಡಿತು. ಆ ವರ್ಷ ಎರಡು ಘಟನೆ ನಡೆದವು, ನಮಗೆ ನೆನಪಿರುವುದು ಒಂದೇ. ಫೆಬ್ರವರಿ 29ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿಯವರು ಪಿಎಫ್‌ನ ಶೇ. 60 ಭಾಗವನ್ನು ಪಿಂಚಣಿಗೆ ಹಾಕದೆ ನಗದಾಗಿ ತೆಗೆದರೆ ತೆರಿಗೆ ಎಂದರು. ಸಂಬಳದಾರರು ಟಿವಿಯಲ್ಲಿ, ಪತ್ರಿಕೆಯಲ್ಲಿ ಗಲಾಟೆ ಮಾಡಿದರು, ಮಾರ್ಚ್ 8ಕ್ಕೆ ಪ್ರಸ್ತಾಪ ವಾಪಸಾಯಿತು. ಇದು ಎಲ್ಲರಿಗೂ ನೆನಪಿದೆ. ಮರೆತದ್ದು ಎರಡನೆಯದು. ಫೆಬ್ರವರಿ 10ರ ಒಂದು ಅಧಿಸೂಚನೆ ಮಾಲಕರ ಪಾಲನ್ನು 58 ವರ್ಷದವರೆಗೆ ಮುಟ್ಟಬಾರದು ಎಂದಿತ್ತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಅವರ ಹಿಂದೆ ಯಾವ ದೊಡ್ಡ ಸಂಘವೂ ಇರಲಿಲ್ಲ. 19ರಂದೇ ಅಧಿಸೂಚನೆ ರದ್ದಾಯಿತು. ಆ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ನಿವೃತ್ತಿಯ ಹಣವಲ್ಲ. ಮಗಳ ಮದುವೆ, ಮನೆಯ ಅಡಮಾನ, ಮುಚ್ಚಿಹೋದ ಫ್ಯಾಕ್ಟರಿಯಿಂದ ಮುಂದಿನ ಫ್ಯಾಕ್ಟರಿಯವರೆಗಿನ ಅನ್ನ. ಅವರು ಹೇಳಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ. 58ಕ್ಕೆ ಕೈ ಖಾಲಿಯಾಗಿ ನಿಂತವರನ್ನು ನೋಡಿದಾಗ ಮಾತ್ರ ನನ್ನ ಅಭಿಪ್ರಾಯ ಒಂದು ಕ್ಷಣ ಅಲುಗುತ್ತದೆ. 2025ರ ಅಕ್ಟೋಬರ್ 13ರಂದು ಪಿಎಫ್ ಮಂಡಳಿ ಹಣ ತೆಗೆಯುವ ನಿಯಮಗಳನ್ನು ಸಡಿಲ ಮಾಡುತ್ತಲೇ ಕಾಲು ಭಾಗ ಖಾತೆಯಲ್ಲಿ ಉಳಿಯಬೇಕು ಎಂದು ತೀರ್ಮಾನಿಸಿತು. ಒಂಬತ್ತು ವರ್ಷದ ಹಿಂದಿನ ಪ್ರಶ್ನೆ ಬೇರೆ ಅಂಗಿ ತೊಟ್ಟು ಬಂದಿದೆ.

ಇದೇ ಹಣವನ್ನು ತೆಗೆಯದೆ ಬಿಟ್ಟವರ ಕತೆಯೂ ಇದೆ. ಬಿಜೈಯಂಥ ಊರಿಗೆ ಅದು ಹೆಚ್ಚು ಹತ್ತಿರದ್ದು. "ಪಿಎಫ್‌ನಲ್ಲಿ ಶೇ. 8.25 ಬಡ್ಡಿ ಬರುತ್ತದೆ, ತೆರಿಗೆಯೂ ಇಲ್ಲ, ಅಲ್ಲೇ ಇರಲಿ ಬಿಡಿ" ಎನ್ನುತ್ತಾರೆ ನಿವೃತ್ತರು. 2017ರಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಇಂಥದ್ದೇ ಒಂದು ಪ್ರಕರಣ ಕೇಳಿತು. ದೊಡ್ಡ ಕಂಪೆನಿಯಿಂದ 2002ರಲ್ಲಿ ನಿವೃತ್ತರಾದವರು ಹಣ ತೆಗೆದದ್ದು 2011ರಲ್ಲಿ. ಕೆಲಸ ಮುಗಿದ ದಿನದ ನಂತರ ಬೆಳೆದ ಬಡ್ಡಿಗೆ ತೆರಿಗೆ ಇದೆ ಎಂದು ತೀರ್ಪಾಯಿತು. ನೌಕರನಾಗಿ ಇರುವವರೆಗಷ್ಟೇ ಅದು ಪಿಎಫ್ ಬಡ್ಡಿ. ಆಮೇಲೆ ಅದು ಬರೀ ಬಡ್ಡಿ. ದುಡಿಯುತ್ತಿರುವವರಿಗೂ ಒಂದು ಗೆರೆ ಎಳೆದಾಗಿದೆ: 2021ರ ಏಪ್ರಿಲ್‌ನಿಂದ ವರ್ಷಕ್ಕೆ ಎರಡೂವರೆ ಲಕ್ಷ ಮೀರಿದ ಸ್ವಂತ ವಂತಿಗೆಯ ಬಡ್ಡಿಗೆ ತೆರಿಗೆ ಇದೆ. ಅಂಥವರು ಬೀಡಿ ಕಟ್ಟುವವರಲ್ಲ, ಆದ್ದರಿಂದ ಬೇಗ ಮುಂದೆ ಹೋಗೋಣ.

ನಮ್ಮ ಊರಿನ ದೊಡ್ಡ ಜನವರ್ಗ ಬ್ಯಾಂಕ್ ಪಿಂಚಣಿದಾರರದ್ದು. ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ನಡೆಯುವವರಲ್ಲಿ ಅರ್ಧದಷ್ಟು ಮಂದಿ ಯಾವುದೋ ಬ್ಯಾಂಕಿನ ನಿವೃತ್ತ ಮ್ಯಾನೇಜರರೇ ಇರಬೇಕು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಬ್ಯಾಂಕ್ ಹೋಯಿತು, ಪಿಂಚಣಿ ಉಳಿಯಿತು. ಇವರ ಪಿಂಚಣಿಯ ಮೂರನೆಯ ಒಂದು ಭಾಗವನ್ನು ನಿವೃತ್ತಿಯ ದಿನ ಒಟ್ಟಾಗಿ ಪಡೆದರೆ, ಅಂದರೆ ಕಮ್ಯೂಟ್ ಮಾಡಿಸಿದರೆ, ಅದಕ್ಕೆ ತೆರಿಗೆ ಇಲ್ಲ. ತಿಂಗಳು ತಿಂಗಳು ಬರುವ ಉಳಿದ ಭಾಗಕ್ಕೆ ಸಂಬಳದಂತೆ ತೆರಿಗೆ ಇದೆ, ಸಂಬಳದಂತೆ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ಇದೆ. ಪಿಂಚಣಿದಾರರು ತೀರಿಕೊಂಡು ಹೆಂಡತಿಗೆ ಕುಟುಂಬ ಪಿಂಚಣಿ ಬರತೊಡಗಿದ ದಿನ ಅದು ಸಂಬಳವಾಗಿ ಉಳಿಯುವುದಿಲ್ಲ, ಇತರ ಆದಾಯ. ಆಗ ಮೂರನೆಯ ಒಂದು ಭಾಗ ಅಥವಾ ಹೊಸ ಪದ್ಧತಿಯಲ್ಲಿ 25,000, ಎರಡರಲ್ಲಿ ಕಡಿಮೆ ಯಾವುದೋ ಅಷ್ಟೇ ವಿನಾಯಿತಿ. ಅದೇ ಪಾಸ್‌ಬುಕ್ಕು, ಅದೇ ಶಾಖೆ, ಹಣ ಮೊದಲೇ ಕಡಿಮೆಯಾಗಿದೆ, ವಿನಾಯಿತಿಯೂ ಕಡಿಮೆ. ಈ ನಿಯಮ ಬರೆದವರಿಗೆ ವಿಧವೆಯ ಖರ್ಚು ಅರ್ಥವಾಗಿದೆಯೆಂದು ನನಗೆ ಅನಿಸಿಲ್ಲ.

2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದ ರಾಜ್ಯ ಸರಕಾರದ ಮೇಷ್ಟ್ರುಗಳದ್ದು ಇನ್ನೊಂದು ದಾರಿ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಎಂಬ ಎನ್‌ಪಿಎಸ್. ನಿವೃತ್ತಿಯಲ್ಲಿ ಶೇ. 60ರವರೆಗೆ ತೆರಿಗೆಯಿಲ್ಲದೆ ನಗದು, ಉಳಿದದ್ದರಲ್ಲಿ ವಿಮಾ ಕಂಪೆನಿಯಿಂದ ವರ್ಷಾಶನ. ವರ್ಷಾಶನದ ಹಣಕ್ಕೆ ತೆರಿಗೆ ಇದೆ. ಅದು ಹಳೆಯ ಮಾಲಕರಿಂದ ಬರದೆ ವಿಮಾ ಕಂಪೆನಿಯಿಂದ ಬರುವುದರಿಂದ ಸಂಬಳದ ವಿನಾಯಿತಿ ಇಲ್ಲ. ಹೀಗಾಗಿ ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಇಬ್ಬರಲ್ಲಿ ಹಿರಿಯರ ಪಿಂಚಣಿಗೆ ಒಂದು ಲೆಕ್ಕ, ಕಿರಿಯರದ್ದಕ್ಕೆ ಇನ್ನೊಂದು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಮನೆಗೆ ಬರುತ್ತೇನೆ. ಹೊರಗೆ ದುಡಿದವರು ಬಂದು ಬಿಜೈಯಲ್ಲಿ ನೆಲೆಸುವುದು ಹೊಸದೇನಲ್ಲ. ಶ್ರೀಮಂತಿ ಬಾಯಿ ಮ್ಯೂಸಿಯಂ ಇರುವ ಹಡಗಿನಾಕಾರದ ಆ ಕಟ್ಟಡ ಕರ್ನಲ್ ಮಿರಾಜಕರ್ ಅವರು ತಮ್ಮ ತಾಯಿಯ ಹೆಸರಿನಲ್ಲಿ ಬಿಟ್ಟುಹೋದದ್ದು. ಈಗ ಬರುವವರು ಹಡಗಿನಂಥ ಮನೆ ಕಟ್ಟುವುದಿಲ್ಲ, ಫ್ಲ್ಯಾಟ್ ಕೊಳ್ಳುತ್ತಾರೆ. ಗಲ್ಫಿನಿಂದ ಬಂದವರ ಲೆಕ್ಕ ನನ್ನ ಮಟ್ಟಿಗೆ ಹಗುರ. ದುಬೈಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ, ಆಮೇಲೆ 30 ದಿನದ ಮೂಲವೇತನ ಲೆಕ್ಕಹಾಕಿ ಸರ್ವಿಸ್ ಮುಗಿಸಿದ ಹಣ ಕೊಟ್ಟು ಕಳುಹಿಸುತ್ತಾರೆ. ಸಾಮಾನ್ಯವಾಗಿ ಖಾತೆ ಎಂಬುದೇ ಇಲ್ಲ. ಅಮೆರಿಕ, ಕೆನಡ, ಇಂಗ್ಲೆಂಡಿನಿಂದ ಬಂದವರು ಹಾಗಲ್ಲ. ಅವರು ಬರುತ್ತಾರೆ, ಅವರ ನಿವೃತ್ತಿ ಖಾತೆ ಅಲ್ಲೇ ಇರುತ್ತದೆ.

ಎರಡು ಮೂರು ಮನೆಗಳನ್ನು ಒಂದು ಮಾಡಿ ಹೇಳುತ್ತೇನೆ, ಹೆಸರು ಬೇಡ. ನ್ಯೂಜೆರ್ಸಿಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದ ಗಂಡಹೆಂಡತಿ, ಗ್ರೀನ್ ಕಾರ್ಡ್ ಮರಳಿಸಿ, ಬಿಜೈ ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರ ಫ್ಲ್ಯಾಟ್ ಕೊಂಡು ಬಂದವರು. ಗಂಡನ ಹೆಸರಿನಲ್ಲಿ ಒಂದು ಐಆರ್‌ಎ ಇದೆ. ಐಆರ್‌ಎ ಎಂದರೆ ವೈಯಕ್ತಿಕ ನಿವೃತ್ತಿ ಖಾತೆ. 1974ರಲ್ಲಿ ಅಮೆರಿಕ ಕಂಪೆನಿ ಪಿಂಚಣಿಗಳ ಭದ್ರತೆಗೆಂದು ಮಾಡಿದ ಕಾಯಿದೆಯಲ್ಲಿ ಹುಟ್ಟಿದ್ದು. ಆಗ ವರ್ಷಕ್ಕೆ 1,500 ಡಾಲರ್ ಹಾಕಬಹುದಿತ್ತು. ಕಂಪೆನಿಯ ಮೂಲಕ ಕಟ್ಟಿದ 401ಕೆ ಖಾತೆಯನ್ನು ಕೆಲಸ ಬಿಟ್ಟ ಮೇಲೆ ಬಹಳ ಮಂದಿ ಇದಕ್ಕೇ ಸುರಿಯುತ್ತಾರೆ. ಹಾಕುವ ವರ್ಷ ಆ ಹಣಕ್ಕೆ ತೆರಿಗೆ ಇಲ್ಲ, ಒಳಗೆ ಬೆಳೆಯುವಾಗಲೂ ಇಲ್ಲ, ತೆಗೆದಾಗ ಪೂರ್ತಿ ಮೊತ್ತ ಆ ವರ್ಷದ ಆದಾಯ. ಐವತ್ತೊಂಬತ್ತೂವರೆ ವರ್ಷಕ್ಕೆ ಮೊದಲು ತೆಗೆದರೆ ಇದರ ಮೇಲೆ ಶೇ. 10ರ ದಂಡತೆರಿಗೆ. ನಮ್ಮ ಬೀಡಿಯವರ ಶೇ. 10 ರಿಟರ್ನ್ ಹಾಕಿದರೆ ವಾಪಸು ಬರುವ ಕಡಿತ. ಅಲ್ಲಿಯದ್ದು ಹೋದರೆ ಹೋದದ್ದೇ. ಐವತ್ತೊಂಬತ್ತೂವರೆ ಎಂಬ ಈ ಅರ್ಧ ವರ್ಷದ ಲೆಕ್ಕ ಕೇಳಿ ನಾನು ಮೊದಲ ಸಲ ನಕ್ಕುಬಿಟ್ಟಿದ್ದೆ.

ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಮನೆಯ ಬಾಯಿ, ಅಂದರೆ ಯಜಮಾನಿ, ಕಾಫಿ ಇಟ್ಟು ಅಲ್ಲೇ ನಿಂತರು. "ಸರ್, ಇವರು ಅಲ್ಲಿ ಇಪ್ಪತ್ತು ವರ್ಷ ಟ್ಯಾಕ್ಸ್ ಉಳಿಸಿದ್ದೇನೆ, ಉಳಿಸಿದ್ದೇನೆ ಅಂತ ಹೇಳ್ತಿದ್ರು. ಅದು ಉಳಿಸಿದ್ದಲ್ಲ, ಬಾಕಿ ಇಟ್ಟದ್ದು ಅಲ್ವಾ?" ಎಂದರು. ಗಂಡ ಪೇಪರ್ ಎತ್ತಿಕೊಂಡರು. ನನ್ನ ಮೂವತ್ತೈದು ವರ್ಷದ ವೃತ್ತಿಯಲ್ಲಿ ಈ ವಿಷಯವನ್ನು ಇಷ್ಟು ಚುಟುಕಾಗಿ ಯಾರೂ ಹೇಳಿರಲಿಲ್ಲ. ಈ ಉಪನ್ಯಾಸದ ಸಾರವೇ ಆ ಮಾತು. ತೆಗೆಯುವ ದಿನ ಕೊಡುವ ತೆರಿಗೆ ಹಾಕಿದ ದಿನವೇ ಬರೆದಿಟ್ಟ ಬಾಕಿ. ಯಾವ ಖಾತೆಗೆ ಹಾಕಿದೆವು, ಆಗ ಏನು ವಿನಾಯಿತಿ ಪಡೆದೆವು ಎಂಬುದು ಬಾಕಿಯ ಮೊತ್ತವನ್ನು ಹೇಳುತ್ತದೆ. ತೆಗೆಯುವಾಗ ನಾವು ಯಾವ ದೇಶದ ನಿವಾಸಿ ಎಂಬುದು ಆ ಬಾಕಿಯನ್ನು ಯಾರಿಗೆ ಕಟ್ಟಬೇಕೆಂದು ಹೇಳುತ್ತದೆ.

ಅಮೆರಿಕದ ಸರಕಾರವೂ ಬಾಕಿಯನ್ನು ಮರೆಯುವುದಿಲ್ಲ. 73 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಕನಿಷ್ಠ ಇಷ್ಟು ತೆಗೆಯಲೇಬೇಕು ಎಂಬ ಕಟ್ಟಳೆ ಇದೆ. ಹಿಂದಿನ ವರ್ಷದ ಕೊನೆಯಲ್ಲಿ ಖಾತೆಯಲ್ಲಿದ್ದ ಮೊತ್ತವನ್ನು ಒಂದು ಆಯುಷ್ಯದ ಅಂಕಿಯಿಂದ ಭಾಗಿಸಬೇಕು. 73ನೆಯ ವರ್ಷಕ್ಕೆ ಆ ಅಂಕಿ 26.5. ಎರಡು ಲಕ್ಷ ಅರುವತ್ತೈದು ಸಾವಿರ ಡಾಲರ್ ಇದ್ದರೆ ಹತ್ತು ಸಾವಿರ ತೆಗೆಯಬೇಕು. ತೆಗೆಯದಿದ್ದರೆ ತೆಗೆಯದೆ ಬಿಟ್ಟ ಮೊತ್ತದ ಶೇ. 25 ದಂಡ, 2022ರ ತಿದ್ದುಪಡಿಗೆ ಮೊದಲು ಅದು ಶೇ. 50 ಇತ್ತು. ಉಳಿಸಿದ್ದಕ್ಕೆ ದಂಡ ಎಂದರೆ ನಮ್ಮ ಅಜ್ಜಂದಿರು ಆ ದೇಶವನ್ನು ನಂಬುತ್ತಲೇ ಇರಲಿಲ್ಲ. 1998ರಿಂದ ರಾತ್ ಐಆರ್‌ಎ ಎಂಬ ಇನ್ನೊಂದು ಬಗೆಯೂ ಇದೆ. ವಿಲಿಯಂ ರಾತ್ ಎಂಬ ಸೆನೆಟರ ಹೆಸರು. ಅದರಲ್ಲಿ ತಿರುಗುಮುರುಗು: ತೆರಿಗೆ ಕಟ್ಟಿದ ಹಣವನ್ನೇ ಹಾಕುವುದು, ಐದು ವರ್ಷ ಕಳೆದು ವಯಸ್ಸೂ ಆದ ಮೇಲೆ ತೆಗೆದರೆ ಏನೂ ಇಲ್ಲ.

ಈಗ ಈ ಖಾತೆಯ ಯಜಮಾನರು ಬಿಜೈಯಲ್ಲಿ ಇದ್ದಾರೆ. ಭಾರತದ ನಿವಾಸಿಯ ಆದಾಯ ಜಗತ್ತಿನಲ್ಲಿ ಎಲ್ಲೇ ಹುಟ್ಟಿದರೂ ಭಾರತದಲ್ಲಿ ತೆರಿಗೆಗೆ ಬರುತ್ತದೆ. ಇಲ್ಲಿಯೇ ತೊಡಕು. ಖಾತೆಯೊಳಗೆ ವರ್ಷ ವರ್ಷ ಬಡ್ಡಿ, ಡಿವಿಡೆಂಡ್ ಹುಟ್ಟಿದ ಹಾಗೆ ನಮ್ಮ ಇಲಾಖೆ ಲೆಕ್ಕ ಕೇಳಬಹುದಿತ್ತು. ಅಮೆರಿಕ ಕೇಳುವುದು ತೆಗೆದಾಗ. ಒಂದೇ ತೆಂಗಿನಮರ: ಹಿಂಗಾರ ಬಿಟ್ಟಾಗ ಒಬ್ಬರು ಗೇಣಿ ಕೇಳುತ್ತಾರೆ, ಕಾಯಿ ಕೊಯ್ದಾಗ ಇನ್ನೊಬ್ಬರು. ಎರಡೂ ಬೇರೆ ಬೇರೆ ವರ್ಷದಲ್ಲಿ ನಡೆಯುವುದರಿಂದ ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಲೂ ಆಗುವುದಿಲ್ಲ. ಹಿಂದಿರುಗಿದವರು ವರ್ಷಗಟ್ಟಲೆ ಗೋಗರೆದ ಮೇಲೆ 2021ರ ಹಣಕಾಸು ಕಾಯಿದೆ 89ಎ ಎಂಬ ಸೆಕ್ಷನ್ ತಂದಿತು. ಅಮೆರಿಕ, ಕೆನಡ, ಬ್ರಿಟನ್ ಎಂಬ ಮೂರು ದೇಶಗಳ ಖಾತೆಗಳಿಗೆ ಅನ್ವಯ. 2022ರ ಏಪ್ರಿಲ್‌ನಲ್ಲಿ ಬಂದ 10-ಇಇ ಎಂಬ ಫಾರಂ ತುಂಬಿ ರಿಟರ್ನಿನ ಗಡುವಿನೊಳಗೆ ಕೊಟ್ಟರೆ, ಆ ದೇಶ ಯಾವ ವರ್ಷ ತೆರಿಗೆ ಹಾಕುತ್ತದೋ ಭಾರತವೂ ಅದೇ ವರ್ಷ ಹಾಕುತ್ತದೆ. ಕಾಯಿ ಕೊಯ್ದಾಗಲೇ ಇಬ್ಬರ ಲೆಕ್ಕ.

ಒಮ್ಮೆ ಆ ಆಯ್ಕೆ ಮಾಡಿದರೆ ಹಿಂದೆ ಸರಿಯುವಂತಿಲ್ಲ. ಆದರೆ ಮುಂದೆ ಮಗಳ ಮನೆಗೆಂದು ಹೋಗಿ ಪುನಃ ಅನಿವಾಸಿಯಾದರೆ ಆಯ್ಕೆಯೇ ಮಾಡಿಲ್ಲವೆಂದು ಲೆಕ್ಕ, ಹಿಂದಿನ ವರ್ಷಗಳ ಆದಾಯ ತೆರೆದುಕೊಳ್ಳುತ್ತದೆ. ರಾತ್ ಖಾತೆ ಈ ಸೆಕ್ಷನ್ನಿನೊಳಗೆ ಸರಾಗವಾಗಿ ಕೂರುವುದಿಲ್ಲ, ಏಕೆಂದರೆ ಸೆಕ್ಷನ್ ಹೇಳುವುದು ತೆಗೆದಾಗ ಆ ದೇಶ ತೆರಿಗೆ ಹಾಕುವ ಖಾತೆಯ ಬಗ್ಗೆ. ರಾತ್‌ಗೆ ಅಲ್ಲಿ ಅಂಥ ತೆರಿಗೆಯೇ ಇಲ್ಲ. ಅಮೆರಿಕದಲ್ಲಿ ಅತಿ ಬುದ್ಧಿವಂತಿಕೆಯ ಆಯ್ಕೆ ಎಂದು ಮಾಡಿದ್ದು ಬಿಜೈಗೆ ಬಂದ ಮೇಲೆ ಎಲ್ಲಕ್ಕಿಂತ ಸಿಕ್ಕಾದ ಕಡತವಾಗುತ್ತದೆ.

ಹಿಂದಿರುಗಿದವರಿಗೆ ಕಾನೂನು ಒಂದು ಉಸಿರಾಟದ ಅವಧಿ ಕೊಟ್ಟಿದೆ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಏಳು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ, ನೀವು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ'. ಈ ಹೆಸರು ಇಟ್ಟವರ ಕನ್ನಡವೂ ಇಂಗ್ಲಿಷೂ ಎರಡೂ ಒಂದೇ ಥರ. ದೀರ್ಘಕಾಲ ಹೊರಗಿದ್ದವರಿಗೆ ಎರಡು ಮೂರು ವರ್ಷ ಈ ಸ್ಥಿತಿ ಸಿಗುತ್ತದೆ. ಆ ಅವಧಿಯಲ್ಲಿ ಖಾತೆಯಿಂದ ತೆಗೆದು ಅಲ್ಲಿಯ ಬ್ಯಾಂಕಿನಲ್ಲೇ ಇಟ್ಟ ಹಣಕ್ಕೆ ಭಾರತ ಕೈ ಹಾಕುವುದಿಲ್ಲ. ಇದನ್ನು ಕೇಳಿದ ಕೂಡಲೇ "ಹಾಗಾದರೆ ಪೂರಾ ಈಗಲೇ ತೆಗೆದುಬಿಡ್ತೇನೆ" ಎನ್ನುವವರು ಇದ್ದಾರೆ. ನಾನು ತಡೆಯುತ್ತೇನೆ. ಒಂದೇ ವರ್ಷ ಎಲ್ಲ ತೆಗೆದರೆ ಅಮೆರಿಕದ ಮೇಲಿನ ದರಕ್ಕೆ ತಲೆ ಕೊಟ್ಟಂತೆ. ವಯಸ್ಸು ಆಗಿರದಿದ್ದರೆ ಶೇ. 10 ಬೇರೆ.

ಎರಡು ದೇಶಗಳ ನಡುವೆ 1989ರಲ್ಲಿ ಆದ ತೆರಿಗೆ ಒಪ್ಪಂದವಿದೆ. ಅದರ 20ನೆಯ ವಿಧಿ ಖಾಸಗಿ ಪಿಂಚಣಿಗೆ ತೆರಿಗೆ ಹಾಕುವ ಹಕ್ಕನ್ನು ನಿವಾಸದ ದೇಶಕ್ಕೆ, ಅಂದರೆ ಇಲ್ಲಿ ಇರುವವರ ಮಟ್ಟಿಗೆ ಭಾರತಕ್ಕೆ, ಕೊಡುತ್ತದೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಹಣಕ್ಕೆ ಮಾತ್ರ ಹಕ್ಕು ಅಮೆರಿಕದ್ದು. ಆದ್ದರಿಂದ ಒಂದೇ ಮನೆಗೆ ಒಂದೇ ದೇಶದಿಂದ ತಿಂಗಳು ತಿಂಗಳು ಬರುವ ಎರಡು ಹಣಕ್ಕೆ ಎರಡು ದೇಶದ ಕಾನೂನು. ಒಪ್ಪಂದ ಹೇಳುವ ಪಿಂಚಣಿ ಎಂದರೆ ಕಾಲಕಾಲಕ್ಕೆ ಬರುವ ಪಾವತಿ. ಒಟ್ಟಿಗೆ ಬಾಚಿ ತೆಗೆದದ್ದು ಪಿಂಚಣಿಯೇ ಎಂಬ ವಾದ ದುರ್ಬಲ. ಖಾತೆ ನೋಡಿಕೊಳ್ಳುವ ಕಂಪೆನಿ ನಿಮ್ಮನ್ನು ಪರದೇಶಿ ಎಂದು ದಾಖಲಿಸಿಕೊಂಡು ಸುಮ್ಮನೆ ಶೇ. 30 ಹಿಡಿಯುತ್ತದೆ. ಒಪ್ಪಂದದ ಲಾಭ ಬೇಕಾದರೆ ಡಬ್ಲ್ಯೂ-8ಬಿಇಎನ್ ಎಂಬ ಫಾರಂ ಕೊಡಬೇಕು. ಹಿಡಿದದ್ದು ಹೆಚ್ಚಾಯಿತು ಎನಿಸಿದರೆ ಅಲ್ಲಿ ರಿಟರ್ನ್ ಸಲ್ಲಿಸಿ ಕೇಳಬೇಕು. ಅಮೆರಿಕದ ಪೌರತ್ವ ಪಡೆದು ಬಂದವರಿಗೆ ಈ ರಿಯಾಯಿತಿ ಹೀಗೆ ಸಿಗುವುದಿಲ್ಲ. ಪೌರನನ್ನು ಅಮೆರಿಕ ಎಲ್ಲಿದ್ದರೂ ಬಿಡುವುದಿಲ್ಲ. ಗ್ರೀನ್ ಕಾರ್ಡ್ ಹದಿನೈದು ವರ್ಷದಲ್ಲಿ ಎಂಟು ವರ್ಷ ಇಟ್ಟುಕೊಂಡು, ನಿವ್ವಳ ಆಸ್ತಿ 20 ಲಕ್ಷ ಡಾಲರ್ ದಾಟಿದವರು ಅದನ್ನು ಮರಳಿಸುವ ಮುನ್ನ ವಿಚಾರಿಸಬೇಕು. ಮರಳಿಸುವ ಹಿಂದಿನ ದಿನವೇ ಐಆರ್‌ಎ ಪೂರ್ತಿ ತೆಗೆದಂತೆ ಲೆಕ್ಕಹಾಕುವ ನಿಯಮವೊಂದು ಅಲ್ಲಿದೆ.

ಯಾರೂ ಮಾತಾಡಲು ಇಷ್ಟಪಡದ ಒಂದು ವಿಷಯ ಹೇಳಲೇಬೇಕು. ಭಾರತದಲ್ಲಿ 1985ರಿಂದ ಮರಣಾನಂತರದ ಆಸ್ತಿ ತೆರಿಗೆ ಇಲ್ಲ. ಅಮೆರಿಕದಲ್ಲಿದೆ. ಅಲ್ಲಿಯ ನಿವಾಸಿಯೂ ಪೌರನೂ ಅಲ್ಲದವರು ತೀರಿಕೊಂಡಾಗ, ಅಲ್ಲಿಯ ಕಂಪೆನಿಗಳ ಷೇರು ಮುಂತಾದವು 60,000 ಡಾಲರ್ ಮೀರಿದರೆ ಆ ತೆರಿಗೆಯ ಲೆಕ್ಕ ಶುರುವಾಗುತ್ತದೆ. ಈ ತೆರಿಗೆಯ ಬಗ್ಗೆ ಭಾರತದ ಜತೆ ಅವರಿಗೆ ಒಪ್ಪಂದವಿಲ್ಲ. ಗ್ರೀನ್ ಕಾರ್ಡ್ ಮರಳಿಸಿ, ಖಾತೆಯನ್ನು "ಇರಲಿ ಬಿಡಿ" ಎಂದು ಅಲ್ಲೇ ಬಿಟ್ಟವರು ಹೆಂಡತಿ ಮಕ್ಕಳಿಗೆ ಬಿಟ್ಟುಹೋಗುವುದು ಈ ಲೆಕ್ಕವನ್ನೂ ಸೇರಿಸಿ. ಸಾಮಾನ್ಯ ನಿವಾಸಿಯಾದ ಮೇಲೆ ಇರುವಷ್ಟು ದಿನ ಪ್ರತಿ ವರ್ಷದ ರಿಟರ್ನಿನಲ್ಲಿ ಆ ಖಾತೆಯನ್ನು ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯ ಹತ್ತು ಲಕ್ಷದ ದಂಡ ಇದೆ. ಸ್ಥಿರಾಸ್ತಿ ಬಿಟ್ಟು ಒಟ್ಟು ಇಪ್ಪತ್ತು ಲಕ್ಷದೊಳಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ. ಕಪ್ಪುಹಣ ಎಂಬ ಮಾತು ಕೇಳಿ ಆ ಮನೆಯ ಯಜಮಾನರ ಮುಖ ಬಿಳಿಚಿಕೊಂಡಿತು. ಇಪ್ಪತ್ತನಾಲ್ಕು ವರ್ಷ ಒಂದು ಸೆಂಟ್ ತೆರಿಗೆ ತಪ್ಪಿಸಿದವರಲ್ಲ ಅವರು.

ಅವರಿಗೆ ಈಗ 66. ನಾವು ಮೂವರೂ ಊಟದ ಮೇಜಿನಲ್ಲಿ ಕೂತು ವರ್ಷಕ್ಕೆ ಇಷ್ಟು, ಮೂರು ತಿಂಗಳಿಗೊಮ್ಮೆ ಎಂದು ಲೆಕ್ಕ ಹಾಕಿದೆವು. ಪಿಂಚಣಿಯಂತೆ ಕಾಲಕಾಲಕ್ಕೆ ಬರಲಿ, ಇಲ್ಲಿಯ ಸ್ಲ್ಯಾಬ್ ನೋಡಿ ಬರಲಿ, 73ಕ್ಕೆ ಮುಂಚೆ ಖಾತೆ ಒಂದಿಷ್ಟು ಕರಗಲಿ ಎಂದು. ಹೆಚ್ಚು ಕಷ್ಟವಾದದ್ದು ಅಂಕಿಯಲ್ಲ, ಕರಗಲಿ ಎಂಬ ಮಾತು. ಯಜಮಾನರು ನಾಲ್ಕು ಸಲ "ಅಸಲು ಕಡಿಮೆ ಆಗ್ತದಲ್ಲ ಸರ್" ಎಂದರು. ಕಡಿಮೆಯಾಗಲೆಂದೇ ಇಟ್ಟದ್ದು ಎಂದು ನಾನೂ ನಾಲ್ಕು ಸಲ ಹೇಳಿದೆ. ಬಾಯಿ ಮಾತಾಡಲಿಲ್ಲ, ಮೊದಲ ಕಂತಿನಲ್ಲಿ ಹೊಸ ಹಲ್ಲಿನ ಸೆಟ್ ಆಗಬೇಕು ಎಂದಷ್ಟೇ ಗಂಡನಿಗೆ ಕೊಂಕಣಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು.

ಆಮೇಲೆ ಡಬ್ಲ್ಯೂ-8ಬಿಇಎನ್ ತುಂಬಲು ಕೂತೆವು. ಖಾಯಂ ವಿಳಾಸದ ಸಾಲಿಗೆ ಬಂದಾಗ ನಿಂತೆವು. ಪಾಸ್‌ಪೋರ್ಟಿನಲ್ಲಿ 'ಬೆಜೈ' ಎಂಬಂತೆ ಇಂಗ್ಲಿಷ್ ಕಾಗುಣಿತ, ಆಧಾರ್ ಕಾರ್ಡಿನಲ್ಲಿ 'ಬಿಜೈ' ಎಂಬಂತೆ. ಅಮೆರಿಕದ ಕಂಪೆನಿಯ ಗುಮಾಸ್ತನಿಗೆ ಎರಡು ಬೇರೆ ಊರೆಂದು ಕಂಡರೆ ಫಾರಂ ವಾಪಸು. ಪಾಸ್‌ಪೋರ್ಟಿನಲ್ಲಿದ್ದಂತೆ ಬರೆದೆವು. ಅವರು ಸಹಿ ಹಾಕಿದರು. ಇದು ಸಾಮಾನ್ಯವಾಗಿ ಈ ವರ್ಷ ಬಿಟ್ಟು ಮೂರು ವರ್ಷ ನಡೆಯುತ್ತದೆ, ಆಮೇಲೆ ಹೊಸತು ಕೊಡಬೇಕು, ಎಂದೆ. "ಆಗಲೂ ನೀವೇ ಬರಬೇಕು ಸರ್" ಎಂದರು ಬಾಯಿ. ನನಗೆ ಈಗ 71. ಫಾರಮಿನ ನಕಲಿನ ಮೂಲೆಯಲ್ಲಿ ಮುಂದಿನ ದಿನಾಂಕ ಬರೆದು ಅವರ ಕಡತದಲ್ಲೇ ಇಟ್ಟು ಬಂದೆ.